ಸಡಿಲಾದ ಚುಕ್ಕಾಣಿ



ನಾರಾಯಣಖೇಡದ ಕಡೆಯ ಹಳ್ಳಿಯೊಂದರಿಂದ ಬಂದ ಪತ್ರವನ್ನು ಮುಂದಿಟ್ಟುಕೊಂಡು ಈ ಸಲದ ಅಂಕಣವನ್ನು ಬರೆಯಲು ಕುಳಿತಿದ್ದೇನೆ. ಪತ್ರ ಬರೆದ ಮಹನೀಯರ ಮನೆಯಲ್ಲಿ ಅವರ ತೀರ್ಥರೂಪರ ಕಾಲದ ಜೀಪೊಂದು ಇದೆಯಂತೆ. ಚುಕ್ಕಾಣಿಯ ಚಕ್ರವನ್ನು ಗೇಣುದ್ದ ತಿರುಗಿಸಿದರೂ ಗಾಡಿ ಅದನ್ನು ಲೆಕ್ಕಿಸದೆ ತನ್ನ ದಾರಿಯನ್ನು ತಾನೇ ಹಿಡಿಯುತ್ತದೆಯಂತೆ. ಮಿಸ್ತ್ರಿಯಿಂದ ಬಿಗಿ ಮಾಡಿಸಿದರೆ ಎಂಟು ದಿನಗಳಲ್ಲಿ ಮತ್ತೆ ಮೊದಲಿನ ಸ್ಥಿತಿ. ಬಿಡಿಭಾಗಗಳು ಎಲ್ಲಿಯೂ ದೊರೆಯುತ್ತಿಲ್ಲ, ಗುಜರಿಗೆ ಹಾಕಿಬಿಡಲೇ ಎಂದು ಕೇಳಿದ್ದಾರೆ.

ಈ ಪ್ರಶ್ನೆಯನ್ನು ಓದಿದಾಗ ನನಗೆ ನಗುವೂ ಬಂದಿತು, ಮೈಯೂ ಜುಮ್ಮೆಂದಿತು. ಏಕೆಂದರೆ ಇದೇ ರೋಗದಿಂದ ನಮ್ಮ ಮನೆಯ ಜೀಪು ಒಮ್ಮೆ ನನ್ನನ್ನೂ ನನ್ನ ಅಕ್ಕನನ್ನೂ ಆಕೆಯ ಮೊಮ್ಮಗನನ್ನೂ ತೊಗರಿಯ ಹೊಲಕ್ಕೆ ಇಳಿಸಿತ್ತು.

ನಮ್ಮದು ಎತ್ತರದ ಬಾನೆಟ್ಟಿನ ಹಳೆಯ ಮಾದರಿ. ಅಮೆರಿಕೆಯ ವಿಲ್ಲಿಸ್ ಕಂಪನಿಯವರು 1953ರಲ್ಲಿ ಸಿ.ಜೆ. 3 ಬಿ ಎಂಬ ಹೆಸರಿನಿಂದ ಹೊರತಂದು, ಬಳಿಕ ನಮ್ಮ ದೇಶದಲ್ಲಿ ಮಹೀಂದ್ರಾದವರು ದೀರ್ಘಕಾಲ ತಯಾರಿಸಿದ ಗಾಡಿ. ನಮ್ಮ ತಂದೆಯವರು ಇದನ್ನು ಬಳಸಿದ ಗಾಡಿಯಾಗಿಯೇ 1974ರಲ್ಲಿ ಕೊಂಡರು. ಕಬ್ಬಿನ ಬೀಜ, ಶುಂಠಿಯ ಚೀಲ, ಹೆರಿಗೆಗೆ ಹೊರಟ ಸೊಸೆಯಂದಿರು, ಝರಾಸಂಗಮದ ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಹೊರಟ ನೆಂಟರು, ಇವರೆಲ್ಲರನ್ನೂ ಅದು ಹೊತ್ತಿದೆ. ರಿಪೇರಿಗೆಂದು ತಂದೆಯವರು ಅದನ್ನು ಬೀದರಕ್ಕೇ ಒಯ್ಯುತ್ತಿದ್ದರು. ಜಹೀರಾಬಾದಿನಿಂದ ಬೀದರ ಮೂವತ್ತು ಕಿಲೋಮೀಟರಿನ ಆಸುಪಾಸು. ದೂರ ಕಡಿಮೆಯೆಂಬುದಷ್ಟೇ ಕಾರಣವಲ್ಲ. 1956ರ ನವೆಂಬರ್ 1ರವರೆಗೆ ಬೀದರವೇ ನಮ್ಮ ಜಿಲ್ಲಾ ಕೇಂದ್ರವಾಗಿದ್ದಿತು. ಅಂದು ಜಹೀರಾಬಾದ, ನಾರಾಯಣಖೇಡಗಳು ಬೀದರ ಜಿಲ್ಲೆಯಿಂದಲೂ ತಾಂಡೂರು, ಕೊಡಂಗಲ್ಲುಗಳು ಗುಲಬರ್ಗಾ ಜಿಲ್ಲೆಯಿಂದಲೂ ಕಳಚಿ ಆಂಧ್ರಪ್ರದೇಶವನ್ನು ಸೇರಿದವು. 2014ರಿಂದ ನಾವು ತೆಲಂಗಾಣದವರು. ಆದರೆ ಸವೆದ ಬೇರಿಂಗು ಕೈಯಲ್ಲಿದ್ದಾಗ ಕಾಲು ತಾನಾಗಿ ಹಳೆಯ ಜಿಲ್ಲಾ ಕೇಂದ್ರದತ್ತ ತಿರುಗುವ ಅಭ್ಯಾಸ ನಮ್ಮ ಮನೆತನಕ್ಕೆ ಇನ್ನೂ ಹೋಗಿಲ್ಲ.

ಇರಲಿ, ಅಪಘಾತದ ಮಾತಿಗೆ ಬರೋಣ. ಚುಕ್ಕಾಣಿ ಸಡಿಲಾಗಿದೆಯೆಂದು ಒಬ್ಬ ಮಿಸ್ತ್ರಿಗೆ ತೋರಿಸಿದೆನು. ಅವನು ಬಾನೆಟ್ಟನ್ನು ಎತ್ತಿ, ಸ್ಟಿಯರಿಂಗ್ ಪೆಟ್ಟಿಗೆಯ ಪಕ್ಕದಲ್ಲಿರುವ ಹೊಂದಿಕೆಯ ತಿರುಪನ್ನು ಎರಡು ಬಾರಿ ಬಿಗಿದು, 'ಆಯಿತು ಸಾಹೇಬರೆ' ಎಂದನು. ಚಕ್ರವನ್ನು ಅಲುಗಿಸಿ ನೋಡಿದೆ. ಆಟವೇ ಇಲ್ಲ! ಸಂತೋಷದಿಂದ ಅಕ್ಕನನ್ನು ಕರೆತರಲು ಹೊರಟೆನು. ಹಿಂದಿರುಗುವಾಗ ಒಂದು ಬಲ ತಿರುವಿನಲ್ಲಿ ಚಕ್ರವನ್ನು ಪೂರ್ತಿ ತಿರುಗಿಸಿದೆ. ತಿರುವು ಮುಗಿದ ಮೇಲೆ ತಾನಾಗಿ ಹಿಂದಕ್ಕೆ ಬರಬೇಕಾದ ಚಕ್ರವು ಅಲ್ಲಿಯೇ ಕಚ್ಚಿಕೊಂಡು ನಿಂತಿತು. ಎರಡು ಕೈಗಳಿಂದ ಎಳೆದು ಬಿಡಿಸುವಷ್ಟರಲ್ಲಿ ಜೀಪು ರಸ್ತೆಯನ್ನು ಬಿಟ್ಟು ಹೊಲದಲ್ಲಿತ್ತು. ವೇಗ ಕಡಿಮೆಯಿದ್ದುದರಿಂದ ಅಕ್ಕನ ಹಣೆಗೆ ಬಿದ್ದ ಒಂದು ಬೊಕ್ಕೆಯಲ್ಲಿಯೇ ಮುಗಿಯಿತು. ಎದುರಿನಿಂದ ಕಬ್ಬಿನ ಲಾರಿ ಬಂದಿದ್ದರೆ ಈ ಅಂಕಣವನ್ನು ಬೇರೆಯವರು ಬರೆಯಬೇಕಾಗುತ್ತಿತ್ತು.

ಹೀಗೇಕಾಯಿತೆಂಬುದನ್ನು ಅರಿಯಲು ಆ ಪೆಟ್ಟಿಗೆಯೊಳಗೆ ಏನಿದೆಯೆಂಬುದನ್ನು ತಿಳಿಯಬೇಕು. ಚುಕ್ಕಾಣಿಯ ದಂಡದ ತುದಿಯಲ್ಲಿ ತಿರುಪಿನಂತೆ ಸುತ್ತಿ ಹೋದ ಗಾಡಿಯುಳ್ಳ ಉಕ್ಕಿನ ಉರುಳೆಯೊಂದಿದೆ. ಆ ಕೊರೆದ ಗಾಡಿಯಲ್ಲಿ, ಅಡ್ಡವಾಗಿ ಕುಳಿತ ಸನ್ನೆಯ ಎರಡು ಮೊಳೆಗಳು ಹೊಕ್ಕಿರುತ್ತವೆ. ಉರುಳೆ ತಿರುಗಿದಂತೆ ಮೊಳೆಗಳು ಸರಿಯುತ್ತವೆ, ಸನ್ನೆ ತೂಗುತ್ತದೆ, ಕೆಳಗಿನ ತೋಳು ಆಡುತ್ತದೆ. ಜಾಣತನವಿರುವುದು ಆ ಗಾಡಿಯ ಅಗಲದಲ್ಲಿ. ಗಾಡಿ ನೇರವಾಗಿ ಓಡುವಾಗ ಮೊಳೆ ಇರುವ ನಡುಭಾಗದಲ್ಲಿ ಅದು ಇಕ್ಕಟ್ಟು, ಎರಡು ತುದಿಗಳತ್ತ ತುಸು ಅಗಲ. ಆದರೆ ನಾವು ಹತ್ತರಲ್ಲಿ ಒಂಬತ್ತು ಪಾಲು ನೇರ ರಸ್ತೆಯಲ್ಲಿಯೇ ಓಡಿಸುವುದರಿಂದ ಸವೆತವೆಲ್ಲ ಆ ನಡುಭಾಗಕ್ಕೇ. ದಶಕಗಳ ಬಳಿಕ ನಡುವೇ ಅಗಲ, ತುದಿಗಳೇ ಇಕ್ಕಟ್ಟು ಎಂಬಂತಾಗುತ್ತದೆ. ಈಗ ನಡುವಿನ ಸಡಿಲನ್ನು ಹೋಗಲಾಡಿಸಲು ತಿರುಪನ್ನು ಬಿಗಿದರೆ, ತಿರುವಿನಲ್ಲಿ ತುದಿಗೆ ಹೋದ ಮೊಳೆಯು ಅಲ್ಲಿ ಸಿಕ್ಕಿಕೊಳ್ಳದೆ ಇನ್ನೇನಾದೀತು? ಮಿಸ್ತ್ರಿಯ ದೋಷವೆಷ್ಟೋ, ಚಕ್ರವನ್ನು ನಡುವಿನಲ್ಲಿ ಮಾತ್ರ ಅಲುಗಿಸಿ ನೋಡಿ ತೃಪ್ತನಾದ ನನ್ನ ದೋಷವೂ ಅಷ್ಟೇ. ಮುಂಗಾಲಿಗಳನ್ನು ಜಾಕಿನಿಂದ ಎತ್ತಿ, ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿ ನೋಡಿದ್ದರೆ ಅಂದೇ ತಿಳಿಯುತ್ತಿತ್ತು.

ಆದುದರಿಂದ ಪತ್ರ ಬರೆದ ಮಿತ್ರರಿಗೆ ನನ್ನ ಮೊದಲನೆಯ ಬಿನ್ನಹವೆಂದರೆ, ಆ ಪೆಟ್ಟಿಗೆಯನ್ನು ಎಲ್ಲಕ್ಕೂ ಕೊನೆಗೆ ಮುಟ್ಟಿರಿ. ಜೀಪಿನ ಚುಕ್ಕಾಣಿಯ ಸಡಿಲು ಒಂದೇ ಕಡೆಯದಲ್ಲ. ಪೆಟ್ಟಿಗೆಯಿಂದ ಗಾಲಿಯವರೆಗೆ ಆರೇಳು ಕೀಲುಗಳಿವೆ. ಪ್ರತಿಯೊಂದೂ ಕೂದಲೆಳೆಯಷ್ಟು ಸವೆದರೂ ಅವೆಲ್ಲ ಕೂಡಿ ಚಕ್ರದಲ್ಲಿ ಗೇಣುದ್ದವಾಗಿ ಕಾಣಿಸಿಕೊಳ್ಳುತ್ತವೆ. ಎತ್ತಿನ ಗಾಡಿಯಲ್ಲಿ ಕಡಾಣಿ, ಅಚ್ಚು, ಗುಂಭ ಮೂರೂ ಸವೆದಾಗ ಗಾಡಿಕಾರನು ಹಗ್ಗವನ್ನಷ್ಟೇ ಬಿಗಿದರೆ ಏನು ಫಲ?

ಹುಡುಕುವ ಕ್ರಮ ಸುಲಭ, ಖರ್ಚಿಲ್ಲದ್ದು. ಇಬ್ಬರು ಬೇಕು. ಗಾಡಿಯನ್ನು ನೆಲದ ಮೇಲೆಯೇ ನಿಲ್ಲಿಸಿ, ಕೈ ಬ್ರೇಕು ಹಾಕಿ, ಹಿಂಗಾಲಿಗಳಿಗೆ ಕಲ್ಲು ಕೊಟ್ಟು, ಮನೆಯ ಹುಡುಗನೊಬ್ಬನನ್ನು ಚುಕ್ಕಾಣಿಯ ಮುಂದೆ ಕೂರಿಸಿರಿ. ಅವನು ಚಕ್ರವನ್ನು ಮೆಲ್ಲಗೆ ಅತ್ತ ಇತ್ತ ಆಡಿಸುತ್ತಿರಲಿ. ನೀವು ಕೆಳಗೆ ಮಲಗಿ ಒಂದೊಂದೇ ಕೀಲನ್ನು ಬೆರಳುಗಳಿಂದ ಹಿಡಿದು ನೋಡಿರಿ. ಕೀಲಿನ ಒಂದು ಪಕ್ಕ ಆಡುತ್ತಿದ್ದು ಇನ್ನೊಂದು ಪಕ್ಕ ತಡವಾಗಿ ಆಡಿದರೆ ಕಳ್ಳ ಸಿಕ್ಕಿದನೆಂದೇ ಅರ್ಥ. ಕಣ್ಣಿಗಿಂತ ಬೆರಳೇ ನಂಬಿಕಸ್ಥ. ಪೆಟ್ಟಿಗೆಯು ಚಾಸಿಗೆ ಸೇರುವ ಬೋಲ್ಟುಗಳಿಂದ ಆರಂಭಿಸಿರಿ. ಅವು ಸಡಿಲಾಗಿದ್ದರೆ ಪೆಟ್ಟಿಗೆಯೇ ಅಲುಗುತ್ತದೆ. ಅಲ್ಲಿಂದ ಮುಂದಕ್ಕೆ ಹೋಗುವ ಉದ್ದನೆಯ ಎಳೆದಂಡದ ತುದಿಗಳಲ್ಲಿ ಗುಂಡಿನ ಕೀಲುಗಳಿವೆ, ಒಳಗೆ ಸ್ಪ್ರಿಂಗು ಇದೆ. ಮುಂದಿನ ತುದಿಯ ಮುಚ್ಚಳದ ತಿರುಪನ್ನು ಪೂರ್ತಿ ಬಿಗಿದು ಅರ್ಧ ಸುತ್ತು ಹಿಂದಕ್ಕೆ ಬಿಟ್ಟು ಹೊಸ ಪಿನ್ನು ಹಾಕಬೇಕು. ಹಳೆಯ ಪಿನ್ನನ್ನೇ ನೆಟ್ಟಗೆ ಮಾಡಿ ಹಾಕುವ ಕೃಪಣತನ ಇಲ್ಲಿ ಬೇಡ.

ಮುಂಗಾಲಿಯನ್ನು ಜಾಕಿನ ಮೇಲೆತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಡಿದರೆ ಸಂಶಯ ಎರಡರ ಮೇಲೆ. ಆಗ ಒಬ್ಬರು ಬ್ರೇಕು ತುಳಿಯಲಿ. ಆಟ ನಿಂತರೆ ಗಾಲಿಯ ಬೇರಿಂಗು ಸಡಿಲು, ನಿಲ್ಲದಿದ್ದರೆ ಕಿಂಗ್ ಪಿನ್ನಿನ ಬೇರಿಂಗು ಸವೆದಿದೆ.

ನಮ್ಮ ಜೀಪಿನಲ್ಲಿ ಸಿಕ್ಕ ದೊಡ್ಡ ಕಳ್ಳನು ಇವಾವುವೂ ಅಲ್ಲ, ಬೆಲ್ ಕ್ರ್ಯಾಂಕು. ಹೆಸರು ಕೇಳಿ ಗಾಬರಿಯಾಗಬೇಡಿರಿ. ಗಾಡಿಯ ಮುಂಭಾಗದಲ್ಲಿ ನಟ್ಟ ಗೂಟವೊಂದರ ಸುತ್ತ ತಿರುಗುವ ಮೂಲೆಗಟ್ಟಿನಾಕಾರದ ತುಂಡು ಅದು. ಹಿಂದಿನಿಂದ ಬರುವ ಎಳೆತವನ್ನು ಅಡ್ಡಕ್ಕೆ ತಿರುಗಿಸಿ ಎಡಬಲದ ಎರಡು ದಂಡಗಳ ಮೂಲಕ ಗಾಲಿಗಳಿಗೆ ಒಪ್ಪಿಸುವುದು ಅದರ ಕೆಲಸ. ಗೂಟಕ್ಕೂ ಅದಕ್ಕೂ ನಡುವೆ ಸೂಜಿ ಬೇರಿಂಗುಗಳಿವೆ. ಕೆಸರು, ನೀರು, ಧೂಳು ಎಲ್ಲವೂ ಮೊದಲು ತಗಲುವುದು ಅಲ್ಲಿಗೇ, ಗ್ರೀಸು ಕೊಡಲು ಮರೆಯುವುದೂ ಅಲ್ಲಿಗೇ. ನಮ್ಮದನ್ನು ಬಿಚ್ಚಿದಾಗ ಸೂಜಿಗಳು ತುಕ್ಕಿನ ಪುಡಿಯಾಗಿದ್ದವು, ಗೂಟವು ಒಂದೇ ಮಗ್ಗುಲಿಗೆ ಸವೆದು ಕಬ್ಬಿನ ಗೆಣ್ಣಿನಂತಾಗಿತ್ತು.

ಇನ್ನು ಬಿಡಿಭಾಗದ ಬೇಟೆ. ಜಹೀರಾಬಾದಿನವನಿಗೆ ಜೀಪಿನ ಭಾಗ ಸಿಗುವುದಿಲ್ಲವೆಂದರೆ ನೆಂಟರು ನಗುತ್ತಾರೆ. ನಮ್ಮೂರಿಗೂ ವಾಹನ ತಯಾರಿಕೆಗೂ ನಂಟು ಹಳೆಯದು. ಆಲ್ವಿನ್ ನಿಸಾನ್ ಎಂಬ ಹೆಸರಿನಲ್ಲಿ ಇಲ್ಲಿ ಸಣ್ಣ ಲಾರಿಗಳನ್ನು ತಯಾರಿಸುತ್ತಿದ್ದ ಕಾರ್ಖಾನೆ 1989ರಲ್ಲಿ ಮಹೀಂದ್ರಾದ ಕೈಸೇರಿತು, 2013ರಲ್ಲಿ ಟ್ರ್ಯಾಕ್ಟರಿನ ಕಾರ್ಖಾನೆಯೂ ಬಂದಿತು. ಆದರೆ ಇಂದು ಟ್ರ್ಯಾಕ್ಟರು ಹುಟ್ಟುವ ಊರಿನಲ್ಲಿ ಅರ್ಧ ಶತಮಾನದ ಹಿಂದಿನ ಜೀಪಿನ ಗೂಟವನ್ನು ಕೇಳುವುದು, ಹೆರಿಗೆ ಆಸ್ಪತ್ರೆಯಲ್ಲಿ ಅಜ್ಜನ ಹಲ್ಲನ್ನು ಕೇಳಿದಂತೆ.

ಬೀದರದಲ್ಲಿ ಎರಡು ದಿನ ಅಲೆದೆನು. ಬಳಿಕ ಸಿಕಂದರಾಬಾದಿನ ರಾಣಿಗಂಜಿಗೆ ಹೋದೆನು. ಅಲ್ಲಿಯೂ ಮೊದಲ ದಿನ 'ಹಳೆಯ ಜೀಪಿನದು' ಎಂದೊಡನೆ ಅಂಗಡಿಕಾರರು ಕೈಯಾಡಿಸಿಬಿಟ್ಟರು. ಮರುದಿನ ಒಬ್ಬ ವೃದ್ಧ ವ್ಯಾಪಾರಿಯು ನನ್ನ ಕೈಯಲ್ಲಿದ್ದ ಕಿಂಗ್ ಪಿನ್ ಬೇರಿಂಗನ್ನು ತೆಗೆದುಕೊಂಡು, ಸೀಮೆಎಣ್ಣೆಯಲ್ಲಿ ಒರೆಸಿ, ಅಂಚಿನಲ್ಲಿ ಕೊರೆದ ಅಂಕಿಗಳನ್ನು ಓದಿದನು. ಒಳಗಿನ ಕೋನಕ್ಕೆ 11590, ಹೊರಗಿನ ಬಳೆಗೆ 11520. 'ಗಾಡಿಯ ಹೆಸರು ಹೇಳಬೇಡಿ, ಇದನ್ನು ಹೇಳಿ' ಎಂದು ಪಕ್ಕದ ಬೇರಿಂಗಿನ ಅಂಗಡಿಗೆ ಕಳುಹಿಸಿದನು. ಐದು ನಿಮಿಷಗಳಲ್ಲಿ ನಾಲ್ಕು ಜೊತೆ ಸಿಕ್ಕವು! ಬೇರಿಂಗಿಗೆ ಗಾಡಿಯ ಜಾತಿ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ತನ್ನ ಅಂಕಿ. ಎಣ್ಣೆಯ ಸೀಲಿಗೂ ಹೀಗೆಯೇ ಒಳ ಅಳತೆ, ಹೊರ ಅಳತೆ, ದಪ್ಪ ಮೂರನ್ನು ಬರೆದುಕೊಂಡು ಹೋದರೆ ಸಾಕು. ನಟ್ಟು ಬೋಲ್ಟುಗಳ ವಿಷಯದಲ್ಲಿ ಮಾತ್ರ ಎಚ್ಚರ. ಇವು ಅಮೆರಿಕೆಯ ಅಂಗುಲದ ಸಣ್ಣ ಮರೆಯವು. ಇಂದಿನ ಮಿಲಿಮೀಟರಿನ ನಟ್ಟು ಒಂದೆರಡು ಸುತ್ತು ಹತ್ತಿ ನಂಬಿಕೆ ಹುಟ್ಟಿಸುತ್ತದೆ, ಆಮೇಲೆ ಮರೆಯನ್ನೇ ತಿಂದುಹಾಕುತ್ತದೆ.

ಬೆಲ್ ಕ್ರ್ಯಾಂಕಿನ ಹೊಸ ಸೆಟ್ಟೂ ಅಲ್ಲಿಯೇ ಒಂದು ಅಂಗಡಿಯಲ್ಲಿ ದೊರೆಯಿತು. ಹೊಳಪಿನ ಪೊಟ್ಟಣ, ಬೆಲೆಯೂ ಮಿತ. ಮನೆಗೆ ತಂದು ಜೋಡಿಸಿದರೆ ಹೊಸ ಗೂಟದ ಮೇಲೆಯೇ ಹೊಸ ತುಂಡು ತೊಟ್ಟಿಲಿನಂತೆ ತೂಗಿತು. ದೊರೆತುದೆಲ್ಲ ಒಳ್ಳೆಯದೆಂದಲ್ಲ. ಅಂಗಡಿಯಲ್ಲಿಯೇ ಗೂಟಕ್ಕೆ ತೊಡಿಸಿ ನೋಡದೆ ತಂದದ್ದು ನನ್ನ ಅವಸರ.

ಕೊನೆಗೆ ದಾರಿ ತೋರಿದುದು ತಾಂಡೂರು. ಹಾಸುಗಲ್ಲಿಗೂ ತೊಗರಿಗೂ ಹೆಸರಾದ ಆ ಊರಿನಲ್ಲಿ ಕಲ್ಲಿನ ಗಣಿಗಳ ಯಂತ್ರಗಳಿಗಾಗಿ ಲೇತಿನ ಅಂಗಡಿಗಳು ಬಾಳಿವೆ. ಮೊದಲು ಹೊಕ್ಕ ಕಡೆ, ಸವೆದ ಗೂಟಕ್ಕೆ ವೆಲ್ಡಿಂಗು ತುಂಬಿಸಿ ಕೊಡುತ್ತೇನೆಂದರು. ನಾನು ಒಪ್ಪಲಿಲ್ಲ. ಚುಕ್ಕಾಣಿಯ ದಂಡ, ತೋಳು, ಗೂಟಗಳು ಹದಗೊಳಿಸಿದ ಉಕ್ಕು. ಬೆಸುಗೆಯ ಕಾವಿನಿಂದ ಹದ ಕೆಟ್ಟು, ಬೆಸುಗೆಯ ಅಂಚಿನಲ್ಲಿ ಬಿರುಕು ಹುಟ್ಟಿ, ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯಬಹುದು. ಸಡಿಲಾದ ಚುಕ್ಕಾಣಿಯಾದರೂ ಒಂದಿಷ್ಟು ಮಾತು ಕೇಳುತ್ತದೆ, ಮುರಿದದ್ದು ಏನನ್ನೂ ಕೇಳುವುದಿಲ್ಲ.

ಎರಡನೆಯ ಅಂಗಡಿಯ ಹಿರಿಯನು ಕೈಗೆ ತೆಗೆದುಕೊಂಡೊಡನೆ ಕೇಳಿದ ಪ್ರಶ್ನೆ, 'ಇದರ ಮೇಲೆ ಭಾರ ಮೇಲಿಂದಲೋ, ಮಗ್ಗುಲಿಂದಲೋ?' ಕನ್ನಡದಲ್ಲಿಯೇ ಕೇಳಿದನು, ಸೇಡಂ ಕಡೆಯ ಕನ್ನಡ. ಮಗ್ಗುಲಿಂದ, ಅದೂ ಒಮ್ಮೆ ಇತ್ತ ಒಮ್ಮೆ ಅತ್ತ ಎಂದೆನು. ಹಾಗಾದರೆ ಪೂರ್ತಿ ಸುತ್ತದೆ ಬರೀ ತೂಗುವ ಕೀಲಿಗೆ ಸೂಜಿ ಬೇರಿಂಗಿಗಿಂತ ಕಂಚಿನ ಬುಶ್ಶೇ ವಾಸಿ, ಸೂಜಿಗಳು ಒಂದೇ ಜಾಗದಲ್ಲಿ ಉಜ್ಜಿ ಗೂಟವನ್ನು ಕೊರೆಯುತ್ತವೆ ಎಂದನು. ಒಳ್ಳೆಯ ಉಕ್ಕಿನಲ್ಲಿ ಹೊಸ ಗೂಟವನ್ನು ಕಡೆದು, ಕಾಯಿಸಿ ಹದಮಾಡಿಸಿ, ಅದರ ಅಳತೆಗೆ ಬುಶ್ಶನ್ನು ಅಂಗುಲದ ಸಾವಿರದಲ್ಲಿ ಎರಡು ಭಾಗದಷ್ಟೇ ಸಡಿಲಿಟ್ಟು ಕೊರೆದನು. ಒಳಮೈಯಲ್ಲಿ ಗ್ರೀಸು ಹರಿಯಲು ಸುರುಳಿಯ ಕಾಲುವೆಯನ್ನೂ ತೆಗೆದನು. ನಾನು ಹೇಳಿರಲಿಲ್ಲ. ಎರಡು ದಿನ ತಾಂಡೂರಿನಲ್ಲಿಯೇ ಉಳಿದೆನು.

ಎಲ್ಲವನ್ನೂ ಜೋಡಿಸಿದ ಮೇಲೆ, ಅಂದರೆ ಕಿಂಗ್ ಪಿನ್ನಿನ ಮುಚ್ಚಳದಡಿಯ ತೆಳು ತಗಡುಗಳನ್ನು ಹೊಂದಿಸಿ, ದಂಡಗಳ ತುದಿಯ ಕೀಲುಗಳನ್ನು ಬದಲಿಸಿದ ಮೇಲೆ, ಪೆಟ್ಟಿಗೆಯ ತಿರುಪನ್ನು ಹಿಂದಕ್ಕೆ ಬಿಟ್ಟೆವು. ಚಕ್ರ ಈ ತುದಿಯಿಂದ ಆ ತುದಿಯವರೆಗೆ ಎಲ್ಲಿಯೂ ಕಚ್ಚದಂತೆ ಇಟ್ಟು, ನಡುವಿನಲ್ಲಿ ಉಳಿದ ಎರಡು ಬೆರಳಿನ ಸಡಿಲನ್ನು ಹಾಗೆಯೇ ಒಪ್ಪಿಕೊಂಡೆವು. ಮುಂಗಾಲಿಗಳ ಮುಂದಿನ ಅಂತರವು ಹಿಂದಿನದಕ್ಕಿಂತ ಅಂಗುಲದ 64ರಲ್ಲಿ 3ರಿಂದ 32ರಲ್ಲಿ 3 ಭಾಗದಷ್ಟು ಕಡಿಮೆಯಿರಬೇಕು. ಟಾಯರುಗಳ ನಡುವೆ ಸೀಮೆಸುಣ್ಣದ ಗೆರೆ ಎಳೆದು ಅಳೆದು ಹೊಂದಿಸಿದೆವು.

ಇನ್ನು ಗುಜರಿಯ ಪ್ರಶ್ನೆ. ಐವತ್ತು ವರ್ಷ ದಾಟಿದ, ಚಾಸಿ, ಮೈಕಟ್ಟು, ಇಂಜಿನುಗಳು ಮೂಲರೂಪದಲ್ಲಿರುವ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮವನ್ನು ಕೇಂದ್ರ ಸರಕಾರವು 2021ರಲ್ಲಿ ತಂದಿದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಸಂಖ್ಯೆಯಲ್ಲಿ ವಿ.ಎ. ಎಂಬ ಅಕ್ಷರಗಳು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನಕ್ಕೋ ರ್‍ಯಾಲಿಗೋ ಒಯ್ಯಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ನಮ್ಮ ಜೀಪು ಹೊಲಕ್ಕೆ ಹೋಗಬೇಕಾದದ್ದು. ಹಾಗಾಗಿ ನಾನು ಆ ಗೌರವವನ್ನು ಬಯಸದೆ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸುತ್ತಿದ್ದೇನೆ. ನಿಮ್ಮದು ಮಾರಾಟಕ್ಕೋ ಮನೆಗೋ ಎಂಬುದನ್ನು ನೀವೇ ನಿಶ್ಚಯಿಸಿರಿ. ಆದರೆ ದುರಸ್ತಿಯಾಗುವವರೆಗೆ ಮಕ್ಕಳನ್ನು ಅದರಲ್ಲಿ ಕೂರಿಸಬೇಡಿರಿ.

ತಾಂಡೂರಿನ ಹಿರಿಯನಿಂದ ಅಂದು ಎರಡು ಜೊತೆ ಬುಶ್ಶುಗಳನ್ನು ಮಾಡಿಸಿದ್ದೆನು. ಎರಡನೆಯ ಜೊತೆ ನಮ್ಮ ಪಡಸಾಲೆಯ ಗೂಡಿನಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದೆ. ನಿಮ್ಮ ಗೂಟದ ಸವೆಯದ ಭಾಗವನ್ನು ಅಳೆದು ಬರೆದು ಕಳುಹಿಸಿರಿ. ಹೊಂದುವುದಾದರೆ ಮುಂದಿನ ಸಂತೆಯ ದಿನ ಖೇಡಕ್ಕೆ ಬರುವವರ ಕೈಯಲ್ಲಿ ಕೊಟ್ಟು ಕಳುಹಿಸುತ್ತೇನೆ.