ಜೋಗತಿಗೆ ಕೈಮುಗಿವ ನಾವು ನಮ್ಮ ಮಕ್ಕಳಿಗೇಕೆ ಕದವಿಕ್ಕುತ್ತೇವೆ?

ಚನ್ನಗಿರಿಯ ಅಡಕೆಯ ಸೀಮೆಯಲ್ಲಿಯೂ, ತುಂಗಭದ್ರೆಯ ತಡಿಯ ಹೊನ್ನಾಳಿಯಲ್ಲಿಯೂ, ನ್ಯಾಮತಿಯ ಹಳ್ಳಿಗಳಲ್ಲಿಯೂ, ಮುಗಿಲನ್ನು ನೋಡುತ್ತಲೇ ಆಯುಷ್ಯ ಸವೆಸುವ ಜಗಳೂರಿನಲ್ಲಿಯೂ, ಎಲ್ಲಮ್ಮನ ಕೊಡ ಹೊತ್ತ ಜೋಗತಿ ಬಾಗಿಲಿಗೆ ಬಂದರೆ ಮೊರದಲ್ಲಿ ಜೋಳ ತಂದು ನೀಡಿ, ಹಣೆಗೆ ಭಂಡಾರ ಹಚ್ಚಿಸಿಕೊಂಡು ಕೈಮುಗಿಯುವ ಗೃಹಸ್ಥರೇ, ಗಂಡೆಂದು ತಾವು ಸಾಕಿದ ಮಗು ತಾನು ಹೆಣ್ಣೆಂದು ನುಡಿದ ದಿನ ಅದನ್ನು ಮನೆತನದ ಕಳಂಕವೆಂದು ಬಗೆದು ಕದವಿಕ್ಕುವರಾದರೆ, ಅವರ ಭಕ್ತಿಯನ್ನು ಭಕ್ತಿಯೆನ್ನಲು ನನ್ನ ಮನಸ್ಸು ಒಪ್ಪದು.

ಇದೆಲ್ಲವೂ ಪರದೇಶದಿಂದ ಬಂದ ಹೊಸ ಹುಚ್ಚೆಂದು ವಾದಿಸುವವರು ನಮ್ಮ ಜಿಲ್ಲಾಕೇಂದ್ರದ ಬಸ್ ನಿಲ್ದಾಣವನ್ನು ಸ್ಮರಿಸಲಿ. ಬಳ್ಳಾರಿ ಸೀಮೆಯಲ್ಲಿ ಗಂಡಾಗಿ ಜನಿಸಿ, ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡು, ಮನೆಯಲ್ಲಿ ನೆಲೆ ಕಾಣದೆ, ಭಿಕ್ಷೆಯಿಂದ ಹೊಟ್ಟೆ ಹೊರೆಯುತ್ತಿದ್ದ ಮಂಜಮ್ಮ ಜೋಗತಿಯವರು, ತಂದೆಯ ಹಾಡಿಗೆ ಮಗನು ತಲೆಯ ಮೇಲೆ ಕೊಡವಿಟ್ಟು ಕುಣಿಯುವುದನ್ನು ಕಂಡು ಆ ಕಲೆಗೆ ಮನಸೋತದ್ದು ದಾವಣಗೆರೆಯ ಆ ನಿಲ್ದಾಣದಲ್ಲಿ. ಅದೇ ಕಲೆ ಅವರನ್ನು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಸ್ಥಾನಕ್ಕೂ 2021ರಲ್ಲಿ ಪದ್ಮಶ್ರೀ ಗೌರವಕ್ಕೂ ಒಯ್ದಿತು. ಆದರೆ ಪ್ರತಿಯೊಂದು ಮಗುವಿಗೂ ಬೀದಿಯಲ್ಲೊಬ್ಬ ಗುರು ದೊರೆಯುವನೆಂದು ನಂಬಿ ಹೆತ್ತವರು ಕರ್ತವ್ಯದಿಂದ ಜಾರಿಕೊಳ್ಳುವುದು ಅಧರ್ಮ. ಮುತ್ತು ಕಟ್ಟಿಸಿ ದೇವಿಯ ಪಾಲಿಗೆ ಒಪ್ಪಿಸಿದೆವೆನ್ನುವುದೂ, ಎಷ್ಟೋ ವೇಳೆ, ಮಗುವನ್ನು ಮನೆಯಿಂದ ಕಳುಹಿಸಿಬಿಡುವ ಸಭ್ಯವಾದ ಉಪಾಯವೇ ಆಗಿದೆ.

ಇಂಥ ಮಗುವಿನ ಪರ ನಿಲ್ಲುವುದು ಧರ್ಮಕ್ಕೆ ವಿರುದ್ಧವೆನ್ನುವವರು ಹೊರನಾಡನ್ನೂ ನೋಡಲಿ: ಅಮೆರಿಕದಲ್ಲಿ ಇಂಥ ಮಕ್ಕಳ ಪರವಾಗಿ ನಿಂತಿರುವ ಎಷ್ಟೋ ಯೆಹೂದ್ಯ ತಂದೆತಾಯಿಗಳಿಗೆ ತಮ್ಮ ಧರ್ಮಶಾಸ್ತ್ರವೇ ಆಧಾರ. ಸುಮಾರು 1800 ವರ್ಷಗಳ ಹಿಂದೆ ಸಂಕಲಿತವಾದ ಅವರ ಮಿಶ್ನಾ ಗ್ರಂಥವು ಗಂಡು ಹೆಣ್ಣೆಂಬ ಎರಡರಲ್ಲಿ ಅಡಗದ ದೇಹಿಗಳನ್ನು ಗುರುತಿಸಿ ಅವರ ವಿಧಿನಿಯಮಗಳನ್ನು ಚರ್ಚಿಸುತ್ತದೆ. ಪ್ರಾಣರಕ್ಷಣೆಗಾಗಿ ಪವಿತ್ರವಾದ ಸಬ್ಬತ್ ದಿನದ ನಿಷೇಧವನ್ನೂ ಮೀರಬೇಕೆಂಬುದು ಅವರ ಸಂಪ್ರದಾಯ. ಆಚಾರಕ್ಕಿಂತ ಜೀವ ದೊಡ್ಡದೆಂಬ ಈ ವಿವೇಕ, ಶರಣರ ಬಾಳನ್ನು ಕಂಡ ನಮ್ಮ ನಾಡಿಗೆ ಪರಕೀಯವೆ?

ಶಾಸನವೂ ಹೆತ್ತವರ ಕಡೆಗೇ ನೋಡುತ್ತಿದೆ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ಲಿಂಗಾಂತರಿ ಸಮುದಾಯದವರ ಹಕ್ಕುಗಳನ್ನು ಎತ್ತಿಹಿಡಿಯಿತು; ಅವರ ಹಕ್ಕುರಕ್ಷಣೆಗಾಗಿ ಬಂದ 2019ರ ಅಧಿನಿಯಮವು ಅಪ್ರಾಪ್ತ ವಯಸ್ಸಿನ ಮಗುವಿನ ಗುರುತಿನ ಪತ್ರಕ್ಕಾಗಿ ಅರ್ಜಿ ಸಲ್ಲಿಸುವ ಅಧಿಕಾರವನ್ನು ತಂದೆತಾಯಿಯ ಅಥವಾ ಪೋಷಕರ ಕೈಯಲ್ಲಿಟ್ಟಿತು; 2021ರಲ್ಲಿ ನಮ್ಮ ರಾಜ್ಯವು ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 1ರಷ್ಟು ಮೀಸಲಾತಿಯನ್ನು, ದೇಶದಲ್ಲಿಯೇ ಮೊದಲಾಗಿ, ಕಲ್ಪಿಸಿತು. ಸಹಪಾಠಿಗಳ ಅಣಕವನ್ನು ತಾಳಲಾರದೆ ಶಾಲೆ ಬಿಟ್ಟ ಮಗುವಿಗೆ, ಮನೆಯಲ್ಲಿ ಬೆನ್ನಿಗೆ ನಿಲ್ಲುವವರೇ ಇಲ್ಲದಿದ್ದರೆ, ಆ ಮೀಸಲಾತಿ ದಕ್ಕುವುದೆಂತು?

ಆದುದರಿಂದ ನನ್ನ ವಿಜ್ಞಾಪನೆ ಸರ್ಕಾರಕ್ಕಲ್ಲ, ಈ ನಾಲ್ಕು ತಾಲ್ಲೂಕುಗಳ ಹೆತ್ತವರಿಗೆ. ಮಗುವಿನ ಕೈಹಿಡಿದು ಶಾಲೆಗೆ ಹೋಗಿ, ಇದು ನನ್ನ ಮಗು, ಇದನ್ನು ಅಣಕಿಸಿದವರು ನನಗೆ ಉತ್ತರ ಹೇಳಬೇಕು ಎಂದು ನುಡಿಯಿರಿ. ನೆಂಟರು ಮುಖ ತಿರುಗಿಸಿದರೆ ತಿರುಗಿಸಲಿ. ಬಾಗಿಲಿಗೆ ಬಂದ ಜೋಗತಿಗೆ ಮೊರದಲ್ಲಿ ಜೋಳ ನೀಡುವ ಮುನ್ನ, ಒಳಗೆ ಮಂಕಾಗಿ ಕುಳಿತ ಆ ಮಗುವಿನ ಮುಂದೆ ಊಟದ ತಟ್ಟೆಯನ್ನಿಟ್ಟು, ಪಕ್ಕದಲ್ಲಿ ಕುಳಿತು ಉಣ್ಣಿರಿ.