ಆ ಪ್ರಶ್ನೆ ಮಗ ಕೇಳುವಂಥದ್ದಲ್ಲ

ಗರ್ಭಕೋಶ ತೆಗೆಸಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಕೆಲವು ಹೆಂಗಸರಿಗೆ ‘ಕೆಳಗೆ ಏನೋ ಜಾರಿದಂಗಾಗ್ತದೆ’ ಅನ್ನಿಸತೊಡಗುತ್ತದೆ. ಗರ್ಭಕೋಶ ತೆಗೆದು ಹೊಲಿದಿದ್ದ ಯೋನಿಯ ಮೇಲ್ತುದಿ, ಆಧಾರ ಸಡಿಲವಾಗಿ, ಚೀಲದ ಒಳಮೈ ಮಗುಚಿದ ಹಾಗೆ ಕೆಳಗಿಳಿಯುತ್ತದೆ. ಮೂತ್ರಕೋಶವನ್ನೋ ಕರುಳನ್ನೋ ಜೊತೆಗೆ ಎಳೆದುಕೊಳ್ಳುವುದೂ ಉಂಟು. ಲಂಡನ್ನಿನ ಹ್ಯಾರೋ, ಹೌನ್ಸ್ಲೋ, ಕ್ರಾಯ್ಡನ್ ಕಡೆ ಮಕ್ಕಳ ಜೊತೆ ನೆಲೆಸಿರುವ ನಮ್ಮ ತಾಯಂದಿರಿಗೂ ಇದು ತಪ್ಪಿದ್ದಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವನು ಮಗ. ತಾಯಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸುವವನೂ ಅವನೇ. ತೊಡಕಿರುವುದು ಇಲ್ಲೇ.

ವ್ಯಾಯಾಮ, ಒಳಗೆ ಕೂರಿಸುವ ರಿಂಗು ಸಾಲದೆ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ದಾರಿಗಳು ಒಂದೆರಡಲ್ಲ. ಯೋನಿಯ ಮೂಲಕವೇ ಹೋಗಿ ಅದರ ತುದಿಯನ್ನು ಸೊಂಟದ ಒಳಗಿನ ಗಟ್ಟಿ ಅಸ್ಥಿರಜ್ಜುವಿಗೆ ಹೊಲಿಯಬಹುದು. ಹೊಟ್ಟೆ ಕೊಯ್ಯಬೇಕಿಲ್ಲ, ಆದರೆ ಕೆಲವರಿಗೆ ಪೃಷ್ಠದಲ್ಲಿ ನೋವು, ಸಂಭೋಗದ ವೇಳೆ ನೋವು ಕಾಡುತ್ತದೆ. ಹೊಟ್ಟೆಯ ಕಡೆಯಿಂದ, ಹೆಚ್ಚಾಗಿ ಕೀಹೋಲ್‌ನಲ್ಲಿ, ಮೆಶ್ ಎಂಬ ಜಾಲರಿ ಹಾಕಿ ಬೆನ್ನೆಲುಬಿನ ಬುಡಕ್ಕೆ ಎಳೆದು ಕಟ್ಟಬಹುದು. ಮೂರನೆಯದು ಯೋನಿಯನ್ನೇ ಮುಚ್ಚಿಬಿಡುವುದು. ವಯಸ್ಸಾದ, ದೊಡ್ಡ ಶಸ್ತ್ರಚಿಕಿತ್ಸೆ ತಾಳದ ಮೈಗೆ ಇದು ಹಗುರ, ಆದರೆ ಆಮೇಲೆ ಸಂಭೋಗ ಸಾಧ್ಯವಿಲ್ಲ. ಹಾಗಾಗಿ ಡಾಕ್ಟರು ಕೇಳಲೇಬೇಕು: ಗಂಡ ಹೆಂಡತಿ ಸಂಬಂಧ ಇದೆಯೇ, ಮುಂದೆ ಬೇಕೇ? ಈ ಪ್ರಶ್ನೆಯನ್ನು ಯಾವ ಮಗ ತಾಯಿಗೆ ಕೇಳಿಯಾನು? ನೆಲ ನೋಡುತ್ತಾ ತಾನೇ ‘ಇಲ್ಲ’ ಎಂದುಬಿಟ್ಟರೆ, ಆಕೆಯ ದೇಹದ ಬಗ್ಗೆ ಆಕೆಗೇ ಗೊತ್ತಿಲ್ಲದೆ ತೀರ್ಮಾನವಾಗಿಬಿಡುತ್ತದೆ.

ಇಂಗ್ಲಿಷ್ ಬಲ್ಲ ಹೆಂಗಸರ ಮಾತೂ ಇಲ್ಲಿ ದಡ ಸೇರಿರಲಿಲ್ಲ. ಹಿಂದೆ ಯೋನಿಯ ಮೂಲಕವೂ ಮೆಶ್ ಹಾಕುತ್ತಿದ್ದರು; ಹಾಗೆ ಹಾಕಿಸಿಕೊಂಡ ಎಷ್ಟೋ ಮಂದಿ ನೋವೆಂದು ಹೋದಾಗ ‘ಇದೆಲ್ಲ ಸಹಜ’ ಅನ್ನಿಸಿಕೊಂಡೇ ಹಿಂತಿರುಗಿದರು. ಆ ಬಗೆಯ ಶಸ್ತ್ರಚಿಕಿತ್ಸೆಗೆ ತಡೆ ಬಿದ್ದದ್ದು 2018ರ ಜುಲೈನಲ್ಲಿ. ಹೆಂಗಸರ ಮಾತನ್ನು ವೈದ್ಯಲೋಕ ಕಿವಿಗೆ ಹಾಕಿಕೊಳ್ಳಲಿಲ್ಲವೆಂದು ಬ್ಯಾರೊನೆಸ್ ಕಂಬರ್ಲೆಜ್ ಅವರ ವರದಿ 2020ರಲ್ಲಿ ಬಯಲಿಗಿಟ್ಟಿತು. ಮೆಶ್‌ನಿಂದ ನರಳುವವರಿಗೆ ಈಗ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ವಿಶೇಷ ಕೇಂದ್ರವಿದೆ. ಹೊಟ್ಟೆಯ ಕಡೆಯಿಂದ ಹಾಕುವ ಮೆಶ್ ಇನ್ನೂ ಬಳಕೆಯಲ್ಲಿದೆ. ಅದರ ಅಪಾಯಗಳನ್ನು ನಮ್ಮ ತಾಯಿಗೆ ಅಚ್ಚ ಕನ್ನಡದಲ್ಲಿ ಯಾರಾದರೂ ಬಿಡಿಸಿ ಹೇಳಬೇಡವೇ?

ಎನ್‌ಎಚ್‌ಎಸ್‌ನಲ್ಲಿ ದುಭಾಷಿ ಉಚಿತ. ಅಪಾಯಿಂಟ್‌ಮೆಂಟ್ ಮಾಡುವಾಗಲೇ ‘ಕನ್ನಡ ದುಭಾಷಿ ಬೇಕು, ಹೆಂಗಸೇ ಆಗಲಿ, ಸಮಯ ಜಾಸ್ತಿ ಕೊಡಿ’ ಎಂದು ಕೇಳಿ. ಎದುರಿಗೆ ಬರುವವರು ಸಿಗದಿದ್ದರೆ ಫೋನಿನಲ್ಲಾದರೂ ಆದೀತು. ಸಂಕೋಚಪಟ್ಟು ‘ನಾನೇ ಹೇಳ್ತೀನಿ ಬಿಡಿ’ ಅನ್ನಬೇಡಿ. ಮಗನಿಗೆ ಬೇರೆ ಕೆಲಸ ಬೇಕಾದಷ್ಟಿದೆ. ಹಳೆಯ ಆಪರೇಷನ್ನಿನ ಕಾಗದಗಳನ್ನು ಊರಿನ ಆಸ್ಪತ್ರೆಯಿಂದ ತರಿಸಬೇಕು. ಅಂಡಾಶಯವನ್ನೂ ತೆಗೆದಿದ್ದಾರೋ ಇಲ್ಲವೋ ಇಲ್ಲಿನವರಿಗೆ ತಿಳಿಯಬೇಕು. ಆಪರೇಷನ್ ಆದ ಮೇಲೆ ವಾರಗಟ್ಟಲೆ ಕುಕ್ಕರು, ಅಕ್ಕಿ ಚೀಲ, ಮೊಮ್ಮಗು ಯಾವುದನ್ನೂ ಆಕೆ ಎತ್ತದ ಹಾಗೆ ನೋಡಿಕೊಳ್ಳಬೇಕು.