ಕುದುರೆ ಇಳಿದು ಕುರ್ಚಿ ಏರಿದ ಕಬ್ಬನ್ ಸಾಹೇಬ



ಓಕಳಿಪುರಂನಿಂದ ಮೆಜೆಸ್ಟಿಕ್ ದಾಟಿ ನಡೆದರೆ ಕಬ್ಬನ್ ಪಾರ್ಕು ದೂರವಲ್ಲ. ಹಾಸ್ಟೆಲಿನ ಕಿಷ್ಕಿಂಧೆಯಲ್ಲಿ ಓದಲಾಗದೆ ಆ ಮರಗಳ ಕೆಳಗೆ ಪರೀಕ್ಷೆಗೆ ಓದಿದವರು ನಾವು. ಅಲ್ಲೊಬ್ಬ ಕಂಚಿನ ಸಾಹೇಬ ಕುದುರೆ ಮೇಲೆ ಕೂತಿದ್ದಾನೆ. 2020ರವರೆಗೆ ಹೈಕೋರ್ಟಿನ ಮುಂದಿದ್ದವನು ಈಗ ಪಾರ್ಕಿನೊಳಗೆ ಬಂದಿದ್ದಾನೆ. ಮೈಸೂರಿಗೆ ಹೆಚ್ಚು ಕಾಲ ಕಮಿಷನರ್ ಆಗಿದ್ದವರಾರು? ಮಾರ್ಕ್ ಕಬ್ಬನ್. ಉತ್ತರ ಬರೆದು ಮಾರ್ಕ್ಸು ತಗೊಂಡು ಸುಮ್ಮನಾಗ್ತೀವಿ.

ಸುಮ್ಮನಾಗುವುದು ಬೇಡ. 1800ರಲ್ಲಿ ಕಂಪನಿಯ ಮದ್ರಾಸ್ ಸೈನ್ಯಕ್ಕೆ ಕೆಡೆಟ್ ಆಗಿ ಬಂದ ಹುಡುಗ ಇವನು. 1830ರಲ್ಲಿ ನಗರದ ರೈತರು ತೆರಿಗೆಯ ಹಿಂಸೆ ತಾಳದೆ ದಂಗೆ ಎದ್ದರು. ಅದೇ ನೆಪದಲ್ಲಿ 1831ರಲ್ಲಿ ಕಂಪನಿ ರಾಜನ ಕೈಯಿಂದ ಆಡಳಿತ ಕಿತ್ತುಕೊಂಡಿತು. ದಂಗೆಯ ಕಾರಣ ವಿಚಾರಿಸಿದ ಸಮಿತಿಯಲ್ಲಿ ಕಬ್ಬನ್ ಇದ್ದ. 1834ರಲ್ಲಿ ಅವನೇ ಕಮಿಷನರ್ ಆದ. 27 ವರ್ಷ ಆಳಿದ. ಇವತ್ತಿನ ರಾಜಭವನ ಅವನ ಮನೆ. ರಾಜಕಾರಣವೂ ಬಲ್ಲವನು: 1860ರಲ್ಲಿ ಮೈಸೂರನ್ನು ಮದ್ರಾಸ್ ಸರ್ಕಾರದ ಕೈಕೆಳಗೆ ಹಾಕಲು ಹೊರಟಾಗ ಎದುರು ನಿಂತ, ಆದೇಶ ವಾಪಸಾಯಿತು. 1861ರಲ್ಲಿ ಊರಿಗೆ ಹೊರಟು ದಾರಿಯಲ್ಲಿ ಸೂಯೆಜ್‌ನಲ್ಲಿ ಸತ್ತ.

ಮಾಡಿದ್ದನ್ನು ಮಾಡಿದ ಅನ್ನೋಣ. 769 ಚಿಲ್ಲರೆ ತೆರಿಗೆಗಳನ್ನು ತೆಗೆಸಿದ. ಅವನ ಕಾಲದಲ್ಲಿ ಸುಮಾರು 1600 ಮೈಲಿ ರಸ್ತೆ, 309 ಸೇತುವೆ ಆದವು. ಆದರೆ ಹಳ್ಳಿಯ ಹಳೇ ಪದ್ಧತಿಗೆ ಕೈ ಹಾಕಬಾರದು ಅನ್ನೋದು ಅವನ ನೀತಿ. ಪಟೇಲ, ಶ್ಯಾನುಭೋಗ ಮೇಲೆ. ತೋಟಿ, ತಳವಾರ ಕೆಳಗೆ. ಅಪ್ಪ ತೋಟಿಯಾದರೆ ಮಗನೂ ತೋಟಿ. 769 ತೆರಿಗೆ ಕಂಡ ಕಣ್ಣಿಗೆ ಹುಟ್ಟಿನ ಮೇಲೆ ಹಾಕಿದ ಈ ತೆರಿಗೆ ಕಾಣಲಿಲ್ಲವೆ? ಕಂಡಿತ್ತು. ಮುಟ್ಟಿದರೆ ಪಟೇಲ ಮುನಿಯುತ್ತಾನೆ, ಕಂದಾಯ ನಿಲ್ಲುತ್ತದೆ. ಸೈನಿಕನಿಗೆ ಬೇಕಾದದ್ದು ಶಾಂತಿ. ಆ ಶಾಂತಿಯ ಖರ್ಚು ನಮ್ಮ ಕೇರಿಯ ಲೆಕ್ಕಕ್ಕೆ.

ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ. ಕಬ್ಬನ್ ಸತ್ತು ಸರಿಯಾಗಿ ನೂರು ವರ್ಷಕ್ಕೆ! ಆ ನೂರು ವರ್ಷದಲ್ಲಿ ದಿವಾನರು ಬಂದರು, ರಾಜರು ಬಂದರು, ಮಂತ್ರಿಗಳೂ ಬಂದರು. ಒಳ್ಳೆಯ ಆಡಳಿತಗಾರ ಅನ್ನಿಸಿಕೊಂಡವರು ಬಹಳ. ಕೇರಿಗೆ ಬಂದವರು ಎಷ್ಟು?

ಇದನ್ನು ಹೇಳ್ತಾ ಇರೋದು ಸತ್ತ ಸಾಹೇಬನನ್ನು ಬೈಯೋಕಲ್ಲ. ನಾಳೆ ನಿಮ್ಮಲ್ಲೊಬ್ಬರು ಅಸಿಸ್ಟೆಂಟ್ ಕಮಿಷನರ್ ಆಗ್ತೀರಿ. ಸರ್ಕಾರ ಕೊಟ್ಟ ಜಮೀನು ಕಳಕೊಂಡ ಮುದುಕಿ 1978ರ ಕಾಯ್ದೆಯ ಅರ್ಜಿ ಹಿಡಿದು ನಿಮ್ಮ ಬಾಗಿಲಿಗೆ ಬರ್ತಾಳೆ. ಕಾಲಮಿತಿಯ ನೆಪ ಬೇಡ ಅಂತ 2023ರಲ್ಲಿ ತಿದ್ದುಪಡಿಯೂ ಬಂದಿದೆ. ಆದರೂ ಫೈಲು ಓಡುವುದು, ಕೊಳೆಯುವುದು ಕುರ್ಚಿಯಲ್ಲಿ ಕೂತವರ ಮೇಲೆ. ಊರಲ್ಲಿ ಗಲಾಟೆ ಆಗ್ತದೆ, ಶಾಂತಿ ಕೆಡ್ತದೆ ಅಂತ ಯಾರೋ ಕಿವಿಯಲ್ಲಿ ಹೇಳ್ತಾರೆ. ಆಗ ಈ ಕುದುರೆ ಸಾಹೇಬನನ್ನು ನೆನೆಯಿರಿ. ಪರೀಕ್ಷೆಗೆ ಓದಿ, ಗೆಲ್ಲಿ, ಕುರ್ಚಿ ಹಿಡಿಯಿರಿ. ಹಿಡಿದ ಮೇಲೆ ಕುದುರೆ ಮಾತ್ರ ಹತ್ತಬೇಡಿ.

ಜೈ ಭೀಮ್.